ಸೇನಾ ನರ್ಸ್ ಆಗಲು ಜಿಎನ್‌ಎಂ ಮಾತ್ರ ಸಾಲದು

ಗಡಿಭಾಗದ ಖಾಸಗಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನರ್ಸ್‌ಗಳೂ ಸೇನಾ ನರ್ಸಿಂಗ್ ಸೇವೆಗೆ ಸೇರಬಹುದು. ಓದು ಮುಗಿಸಿದವರಿಗೆಂದೇ ಶಾರ್ಟ್ ಸರ್ವಿಸ್ ಕಮಿಷನ್ ಇದೆ. ಆಯ್ಕೆಯಾದವರು ಲೆಫ್ಟಿನೆಂಟ್ ಆಗುತ್ತಾರೆ.

ಮೊದಲು ನೋಡಬೇಕಾದ್ದು ಪದವಿ. 2023-24ರ ಆಯ್ಕೆಗೆ ಬಿಎಸ್ಸಿ, ಪೋಸ್ಟ್ ಬೇಸಿಕ್ ಬಿಎಸ್ಸಿ ಅಥವಾ ಎಂಎಸ್ಸಿ ನರ್ಸಿಂಗ್ ಕೇಳಿದ್ದರು. ಬರೀ ಜಿಎನ್‌ಎಂ ಆದವರು ಹತ್ತು ವರ್ಷ ವಾರ್ಡಿನಲ್ಲಿ ದುಡಿದಿದ್ದರೂ ಅರ್ಜಿ ಹಾಕುವಂತಿರಲಿಲ್ಲ. ಕಹಿಯಾದರೂ ನಿಜ. ಅಂಥವರು ಎರಡು ವರ್ಷದ ಪೋಸ್ಟ್ ಬೇಸಿಕ್ ಮುಗಿಸಿಕೊಳ್ಳಬೇಕು. ವಯೋಮಿತಿ 21ರಿಂದ 35 ಇದ್ದುದರಿಂದ ಈ ಎರಡು ವರ್ಷವನ್ನೂ ಈಗಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಅವಕಾಶ ಮಹಿಳೆಯರಿಗೆ ಮಾತ್ರ ಇತ್ತು.

ಓದಿದ್ದು ಮಂಗಳೂರಿನಲ್ಲಿ, ಮನೆ ಕಾಸರಗೋಡಿನಲ್ಲಿ ಎಂದು ಅಂಜಬೇಕಿಲ್ಲ. ಯಾವುದಾದರೂ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇದ್ದರಾಯಿತು. ಗಡಿಯವರ ಕಷ್ಟ ಬೇರೆಯೇ: ಅಂಕಪಟ್ಟಿಯಲ್ಲಿ ಒಂದು ಇನಿಶಿಯಲ್, ಆಧಾರ್‌ನಲ್ಲಿ ಇನ್ನೊಂದು. ಇದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ಆ ಸಲ ಅರ್ಜಿಗೆ ಕೊಟ್ಟದ್ದು 2023ರ ಡಿಸೆಂಬರ್ 11ರಿಂದ 26ರವರೆಗಿನ ಸಮಯ ಮಾತ್ರ. ಪರೀಕ್ಷೆ 2024ರ ಜನವರಿ 14ಕ್ಕೆ ಬಂದೇಬಿಟ್ಟಿತು. ನರ್ಸಿಂಗ್ ಜೊತೆಗೆ ಇಂಗ್ಲಿಷ್, ಸಾಮಾನ್ಯ ಬುದ್ಧಿಮತ್ತೆಯ ಪ್ರಶ್ನೆಗಳೂ ಇದ್ದವು. ನೈಟ್ ಡ್ಯೂಟಿ ಮಾಡುವವರು ಅಧಿಸೂಚನೆ ಬಂದ ಮೇಲೆ ಓದಲು ಕೂತರೆ ಆಗದು.

ಮದುವೆಯಾದರೆ ಕೆಲಸ ಹೋಗುತ್ತದೆ ಎಂಬ ಭಯ ಹಳೆಯ ಕಾಲದ್ದು. ಮದುವೆಯ ಕಾರಣಕ್ಕೆ 1988ರಲ್ಲಿ ಕೆಲಸ ಕಳೆದುಕೊಂಡ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಸುಪ್ರೀಂ ಕೋರ್ಟ್ 2024ರಲ್ಲಿ ಆದೇಶಿಸಿತು.

ಪರೀಕ್ಷೆಯ ನಂತರ ಸಂದರ್ಶನ, ವೈದ್ಯಕೀಯ ತಪಾಸಣೆ ಇರುತ್ತವೆ. ನೇಮಕಾತಿ ಆದೇಶ ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬಾರದು.