ಅಂತರ್ಜಾಲದ ವೇಗ: ಬಿಟ್ ಬೇರೆ, ಬೈಟ್ ಬೇರೆ

ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬರಲಾಗದ ಬಂಧುಗಳು ತಾಳವಾಡಿಯ ಮದುವೆಯನ್ನೋ ಅಂತ್ಯಸಂಸ್ಕಾರದ ಬಲಿಪೂಜೆಯನ್ನೋ ಫೋನಿನಲ್ಲಾದರೂ ನೋಡಬಯಸುತ್ತಾರೆ. "40ರ ಪ್ಲಾನ್ ಹಾಕಿಸಿದ್ದೇವೆ ಫಾದರ್, ಆದರೂ ವಿಡಿಯೋ ನಿಂತು ನಿಂತು ಹೋಗುತ್ತದೆ" ಎನ್ನುವವರೂ ಇದ್ದಾರೆ. ಏಕೆ ಹೀಗೆ?

ಮೊದಲು ಅಳತೆ ತಿಳಿಯೋಣ. ಎಂಟು ಗ್ರಾಂ ಸೇರಿದರೆ ಒಂದು ಸವರನ್ ಚಿನ್ನ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಕಂಪನಿಗಳು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತವೆ, ನಮ್ಮ ಫೋನು ವಿಡಿಯೋದ ಗಾತ್ರವನ್ನು ಬೈಟ್‌ಗಳಲ್ಲಿ ತೋರಿಸುತ್ತದೆ. ಆದ್ದರಿಂದ 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 40 ಮೆಗಾಬಿಟ್, ಅಂದರೆ ಹೆಚ್ಚೆಂದರೆ 5 ಮೆಗಾಬೈಟ್.

ಎರಡನೆಯದು ದಿಕ್ಕು. ಹೆಚ್ಚಿನ ಜನ ನೋಡುವವರೇ ಆದ್ದರಿಂದ ಮೊಬೈಲ್ ಸಂಪರ್ಕದಲ್ಲಿ ಡೌನ್‌ಲೋಡ್‌ಗೆ ದೊಡ್ಡ ಪಾಲು, ಅಪ್‌ಲೋಡ್‌ಗೆ ಚಿಕ್ಕ ಪಾಲು. ಬೆಟ್ಟದಿಂದ ವಿಡಿಯೋ ಕಳುಹಿಸುವವರಿಗೆ ಬೇಕಾದದ್ದು ಆ ಚಿಕ್ಕ ಪಾಲೇ. ಅಪ್‌ಲೋಡ್ ವೇಗ 2 ಮೆಗಾಬಿಟ್ ಇದ್ದರೆ ಸೆಕೆಂಡಿಗೆ ಕಾಲು ಮೆಗಾಬೈಟ್ ಮಾತ್ರ ಹೋಗುತ್ತದೆ. 600 ಮೆಗಾಬೈಟ್‌ನ ವಿಡಿಯೋಗೆ 2,400 ಸೆಕೆಂಡು, ಅಂದರೆ 40 ನಿಮಿಷ ಬೇಕು!

ನೇರಪ್ರಸಾರದಲ್ಲಿ ಹಾಗೆ ಕಾಯಲಾಗದು. 720ರ ಗುಣಮಟ್ಟದ ಚಿತ್ರಕ್ಕೆ ಸುಮಾರು 4 ಮೆಗಾಬಿಟ್ ಬೇಕು; 480ಕ್ಕೆ ಇಳಿಸಿದರೆ 1 ಮೆಗಾಬಿಟ್‌ನಲ್ಲೂ ನಡೆಯುತ್ತದೆ. ನೋಡುವವರಿಗೂ ಇದರಿಂದ ಉಪಕಾರ: ಒಂದು ಗಂಟೆಗೆ 4 ಮೆಗಾಬಿಟ್‌ನ ಪ್ರಸಾರ 1.8 ಗಿಗಾಬೈಟ್ ಡೇಟಾ ನುಂಗಿದರೆ, 1 ಮೆಗಾಬಿಟ್‌ನದು 450 ಮೆಗಾಬೈಟ್ ಸಾಕೆನ್ನುತ್ತದೆ.

ಆದ್ದರಿಂದ ಹೀಗೆ ಮಾಡಿ:

* ಹಿಂದಿನ ದಿನವೇ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ವೇಗ ಪರೀಕ್ಷಿಸಿ. ಅಪ್‌ಲೋಡ್ ಸಂಖ್ಯೆಯನ್ನು ನೋಡಿ.
* ಅದರಲ್ಲಿ ಅರ್ಧದಷ್ಟನ್ನೇ ನಂಬಿ ಚಿತ್ರದ ಗುಣಮಟ್ಟ ಆರಿಸಿ.
* ಮೈಕನ್ನು ಪೀಠದ ಹತ್ತಿರವಿಡಿ. ಧ್ವನಿಗೆ ಮೆಗಾಬಿಟ್‌ನ ಎಂಟನೆಯ ಒಂದು ಭಾಗ ಸಾಕು. ಚಿತ್ರ ಮಸುಕಾದರೂ ಪ್ರಾರ್ಥನೆ ಕೇಳಿಸಬೇಕು.
* ಒಳ್ಳೆಯ ಚಿತ್ರವನ್ನು ಬೇರೆ ಫೋನಿನಲ್ಲಿ ತೆಗೆದು ರಾತ್ರಿ ಕಳುಹಿಸಿ.

ಹಾಸಿಗೆ ಹಿಡಿದಿದ್ದ ಸಂತ ಕ್ಲಾರಾ, ಕ್ರಿಸ್ಮಸ್ ರಾತ್ರಿಯ ಪೂಜೆಯನ್ನು ತಾವಿದ್ದಲ್ಲಿಯೇ ಕಂಡು ಕೇಳಿದರೆಂಬ ನಂಬಿಕೆಯಿದೆ. 1958ರಲ್ಲಿ 12ನೆಯ ಭಕ್ತಿನಾಥ ಪಯಸ್ ಪೋಪರು ಅವರನ್ನು ದೂರದರ್ಶನದ ಪಾಲಕ ಸಂತರೆಂದು ಘೋಷಿಸಿದರು. ಮನೆಯಲ್ಲೇ ಉಳಿದ ಹಿರಿಯರಿಗೆ ಫೋನು ಪೂಜೆಯನ್ನು ತೋರಿಸೀತು, ಪರಮಪ್ರಸಾದವನ್ನು ಕೊಡಲಾರದು. ಅಂಥವರು ನಿಮ್ಮ ಬೀದಿಯಲ್ಲಿದ್ದರೆ ಗುರುಗಳಿಗೆ ತಿಳಿಸಿ. ಅವರ ಮನೆಗೆ ನಡೆದೇ ಹೋಗಬೇಕು.