ಕಡಲ ಮೀನಿಗೆ ಎರಡು ಅಡುಗೆಮನೆ

ಹರಿಯಬ್ಬೆ ಕಡೆ ಕೆರೆ ತುಂಬಿದ ವರ್ಷ ಮೀನುಮರಿ ಬಿಡುವವರನ್ನು ಕೇಳಿ ನೋಡಿ. ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಒಟ್ಟಿಗೇ ಬಿಡಬೇಕು ಎನ್ನುತ್ತಾರೆ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೆಸರು ಕೆದಕಿ ತಿನ್ನುತ್ತದೆ. ಒಂದೇ ಮನೆಯಲ್ಲಿ ಮೂರು ಪಂಕ್ತಿ ಊಟ. ಒಬ್ಬರ ಎಲೆಗೆ ಇನ್ನೊಬ್ಬರು ಕೈ ಹಾಕುವುದು ಕಡಿಮೆ. ಮೇವು ಸಾಲದಿದ್ದರೆ ಕೆರೆಗೆ ಸಗಣಿ, ತೌಡು ಹಾಕಿದರಾಯಿತು.

ಮಕ್ಕಳೇ, ಕಡಲಿಗೆ ತೌಡು ಹಾಕುವವರು ಯಾರು? ಮಂಗಳೂರು, ಮಲ್ಪೆ, ಕಾರವಾರದ ಬಂದರುಗಳಿಗೆ ರಾಶಿ ರಾಶಿ ಬರುವ ಬಂಗುಡೆ, ಬೂತಾಯಿ, ಸೀಗಡಿಗಳು ಅಲ್ಲಿ ಏನು ತಿಂದು ಬದುಕುತ್ತವೆ?

ಕಡಲಿನಲ್ಲಿ ಮೀನಿಗೆ ಎರಡು ಅಡುಗೆಮನೆಗಳಿವೆ. ಒಂದು ಮೇಲೆ, ಬಿಸಿಲು ಬೀಳುವ ನೀರಿನಲ್ಲಿ. ಇನ್ನೊಂದು ಕೆಳಗೆ, ತಳದ ಮಣ್ಣಿನಲ್ಲಿ.

ಮೇಲಿನದನ್ನು ಮೊದಲು ನೋಡೋಣ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಕೋಟಿಗಟ್ಟಲೆ ತೇಲುತ್ತಿರುತ್ತವೆ. ಅವುಗಳಲ್ಲಿ ಮುಖ್ಯವಾದವು ಡಯಾಟಮ್‌ಗಳು. ಒಂದೊಂದಕ್ಕೂ ಗಾಜಿನಂಥ ಪುಟ್ಟ ಚಿಪ್ಪು ಇರುತ್ತದೆ. ನಮ್ಮ ಹೊಲದ ರಾಗಿಯಂತೆ ಇವೂ ಬಿಸಿಲಿನಿಂದಲೇ ಆಹಾರ ಮಾಡಿಕೊಳ್ಳುತ್ತವೆ. ನೀರು ಎಷ್ಟೇ ತಿಳಿಯಾಗಿದ್ದರೂ ಸುಮಾರು 200 ಮೀಟರ್‌ಗಿಂತ ಕೆಳಗೆ ಇವಕ್ಕೆ ಸಾಕಾಗುವಷ್ಟು ಬೆಳಕಿಲ್ಲ. ಇವನ್ನು ಕೋಪೆಪಾಡ್ ಎಂಬ ಹೇನಿನಷ್ಟು ಸಣ್ಣ ಜೀವಿಗಳು ತಿನ್ನುತ್ತವೆ. ಬಂಗುಡೆಗೆ ಕೋಪೆಪಾಡ್ ಇಷ್ಟ. ಬೂತಾಯಿಗೆ ಡಯಾಟಮ್ಮೇ ಇಷ್ಟ. ಕುಂದಾಪುರದವರು ಬೈಗೆ ಎಂದೂ ಕಾರವಾರದವರು ತಾರ್ಲೆ ಎಂದೂ ಕರೆಯುವುದು ಈ ಬೂತಾಯಿಯನ್ನೇ. 1955ರಲ್ಲೇ ನಮ್ಮ ದೇಶದ ವಿಜ್ಞಾನಿಗಳು ಫ್ರಾಜಿಲೇರಿಯಾ ಎಂಬ ಒಂದು ಡಯಾಟಮ್ ಹೆಚ್ಚಿದಾಗ ಬೂತಾಯಿಯೂ ಹೆಚ್ಚಾಗಿ ಸಿಗುತ್ತದೆ ಎಂದು ಬರೆದಿದ್ದರು. ಈ ಬೂತಾಯಿಯ ಹಿಂಡಿನ ಬೆನ್ನು ಹತ್ತಿ ಬರುವವನು ಅಂಜಲ್. ಅವನಿಗೆ ಡಯಾಟಮ್‌ನ ರುಚಿ ಗೊತ್ತಿಲ್ಲ, ಆದರೆ ಅದಿಲ್ಲದೆ ಅವನ ಹೊಟ್ಟೆ ತುಂಬುವುದಿಲ್ಲ.

ಈ ಅಡುಗೆಮನೆಯ ಒಲೆ ಊದುವುದು ಮುಂಗಾರು ಗಾಳಿ. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಗಿರ್ರನೆ ತಿರುಗಿಸುತ್ತದಲ್ಲ, ಅದೇ ಗಾಳಿ. ಮಳೆಯನ್ನೆಲ್ಲ ಘಟ್ಟದ ಮೇಲೆ ಸುರಿದು ನಮ್ಮ ಸೀಮೆಗೆ ಬರಿಗೈಯಲ್ಲಿ ಬರುತ್ತದೆ ಎಂದು ಅಜ್ಜಂದಿರು ಅದನ್ನು ಬೈಯುವುದುಂಟು. ಆದರೆ ಘಟ್ಟ ಹತ್ತುವ ಮೊದಲೇ ಅದು ಕಡಲಿನಲ್ಲಿ ದೊಡ್ಡ ಕೆಲಸ ಮುಗಿಸಿರುತ್ತದೆ. ಗಾಳಿಯ ನೂಕು, ಭೂಮಿಯ ತಿರುಗಾಟ ಎರಡೂ ಸೇರಿ ದಡದ ಬಳಿಯ ಮೇಲ್ನೀರನ್ನು ಆಚೆಗೆ ಸರಿಸುತ್ತವೆ. ಆ ಜಾಗ ತುಂಬಲು ಕೆಳಗಿನ ತಣ್ಣನೆಯ ನೀರು ಮೇಲೇಳುತ್ತದೆ. ಕೇರಳದ ಕಡೆ ಇದು ಜೋರು. ಮಂಗಳೂರು ದಾಟಿ ಉತ್ತರಕ್ಕೆ ಹೋದಂತೆ ಕಡಿಮೆ. ಆ ತಣ್ಣೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬಿರುತ್ತವೆ. ರೈತರು ಅಂಗಡಿಯಿಂದ ಚೀಲದಲ್ಲಿ ತರುವ ಗೊಬ್ಬರದಲ್ಲಿರುವ ಸಾರವೇ ಇಲ್ಲಿ ಪುಕ್ಕಟೆ. ಗೊಬ್ಬರ ಸಿಕ್ಕಿದ್ದೇ ತಡ, ಡಯಾಟಮ್‌ಗಳು ಹುಲುಸಾಗಿ ಬೆಳೆಯುತ್ತವೆ. ಮಳೆಗಾಲ ಮುಗಿಯುವಾಗ ಬೂತಾಯಿ, ಬಂಗುಡೆ ದಡದ ಹತ್ತಿರ ಹಿಂಡು ಕಟ್ಟುತ್ತವೆ.

ಆ ಗೊಬ್ಬರ ಕೆಳಗೆ ಎಲ್ಲಿಂದ ಬಂತು ಎಂದು ನೀವು ಕೇಳಬೇಕು. ಉತ್ತರ ಕೆಳಗಿನ ಅಡುಗೆಮನೆಯಲ್ಲಿದೆ.

ಮೇಲೆ ಬೆಳೆದದ್ದನ್ನೆಲ್ಲ ಮೀನು ತಿಂದು ಮುಗಿಸುವುದಿಲ್ಲ. ಸತ್ತ ಡಯಾಟಮ್‌ಗಳು, ಕೋಪೆಪಾಡ್‌ನ ಹಿಕ್ಕೆ, ಕಳಚಿದ ಚಿಪ್ಪಿನ ಚೂರುಗಳು ಹಗಲೂ ರಾತ್ರಿ ಉದುರುತ್ತಲೇ ಇರುತ್ತವೆ. ನೀರೊಳಗೆ ಬೆಳಕು ಬಿಟ್ಟು ನೋಡಿದವರಿಗೆ ಅದು ಹಿಮ ಬಿದ್ದಂತೆ ಕಂಡದ್ದರಿಂದ ಅದಕ್ಕೆ ಕಡಲ ಹಿಮ ಎಂದೇ ಹೆಸರು. ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳು ಕಾಡಿನ ತರಗೆಲೆ, ಮೆಕ್ಕಲು ತಂದು ಇದಕ್ಕೆ ಸೇರಿಸುತ್ತವೆ. ತಳದ ಮಣ್ಣಿನಲ್ಲಿ ಇದನ್ನೆಲ್ಲ ತಿನ್ನಲು ಹುಳುಗಳು ಕಾದಿರುತ್ತವೆ. ಅವು ಎರೆಹುಳುವಿನ ದೂರದ ನೆಂಟರು, ಕೆಲಸವೂ ಹೆಚ್ಚುಕಡಿಮೆ ಅದೇ. ಜೊತೆಗೆ ಸೀಗಡಿ, ಏಡಿ, ಕಪ್ಪೆಚಿಪ್ಪು. ಉಳಿದದ್ದನ್ನು ಬ್ಯಾಕ್ಟೀರಿಯಾಗಳು ಕೊಳೆಸಿ ಮತ್ತೆ ನೈಟ್ರೇಟ್, ಫಾಸ್ಫೇಟ್ ಮಾಡುತ್ತವೆ. ಮುಂದಿನ ಮುಂಗಾರಿನಲ್ಲಿ ಮೇಲೇಳುವ ಗೊಬ್ಬರ ಇಂಥ ತಿಪ್ಪೆಯದೇ.

ಕೆಳಗೆ ಉಣ್ಣುವ ಮೀನುಗಳೂ ಬೇರೆ. ಮರಳಿನಲ್ಲಿ ಹುದುಗಿಕೊಳ್ಳುವ ಕಾಣೆ ಹುಳು, ಸೀಗಡಿಮರಿಗಳನ್ನು ಹೆಕ್ಕುತ್ತದೆ. ನಾಲಿಗೆಯಂತೆ ಚಪ್ಪಟೆಯಾದ ನಂಗ್ ಮೀನಿಗೂ ಮುಖ್ಯ ಊಟ ಹುಳುವೇ.

ಈ ನಂಗ್‌ನ ಕಥೆ ಸ್ವಲ್ಪ ನಿಧಾನವಾಗಿ ಓದಬೇಕಾದದ್ದು. ಮೊಟ್ಟೆಯೊಡೆದು ಬಂದಾಗ ಅದು ಎಲ್ಲ ಮೀನಿನಂತೆ ತಲೆಯ ಎರಡು ಪಕ್ಕಕ್ಕೂ ಒಂದೊಂದು ಕಣ್ಣಿಟ್ಟುಕೊಂಡು ಮೇಲ್ನೀರಿನಲ್ಲಿ ತೇಲುತ್ತಾ ಪ್ಲಾಂಕ್ಟನ್ ತಿನ್ನುತ್ತದೆ. ಬೆಳೆಯುತ್ತಾ ಬಲಗಣ್ಣು ಸರಿದು ಎಡಗಣ್ಣಿನ ಪಕ್ಕಕ್ಕೆ ಬಂದು ಕೂರುತ್ತದೆ! ಆಮೇಲೆ ತಳಕ್ಕಿಳಿದು ಒಂದು ಮಗ್ಗುಲಾಗಿ ಮಲಗಿ ಬದುಕುತ್ತದೆ. ಅಂದರೆ ಬಾಲ್ಯವೆಲ್ಲ ಮೇಲಿನ ಮನೆಯ ಅನ್ನ, ಪ್ರಾಯವೆಲ್ಲ ಕೆಳಗಿನ ಮನೆಯದು. ಏಡಿ, ಸೀಗಡಿ, ಕಪ್ಪೆಚಿಪ್ಪಿನ ಮರಿಗಳೂ ಹಾಗೆಯೇ ಮೊದಲು ತೇಲುತ್ತವೆ. ಎಷ್ಟೋ ಮರಿಗಳು ತಳ ಮುಟ್ಟುವ ಮೊದಲೇ ಬಂಗುಡೆಯ ಬಾಯಿ ಸೇರುತ್ತವೆ. ಮುಂಗಾರಿನಲ್ಲಿ ಮೇಲೇಳುವ ತಣ್ಣೀರಿನಲ್ಲಿ ಆಮ್ಲಜನಕ ಕಡಿಮೆ. ಆಗ ಉಸಿರು ಕಟ್ಟಿದ ತಳದ ಮೀನುಗಳು ದಡದ ಕಡೆಗೆ ಬರುತ್ತವೆ. ಮಳೆ ನಿಂತ ಹೊಸದರಲ್ಲಿ ನಂಗ್ ಹೇರಳವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ.

ಹೀಗೆ ಎರಡು ಮನೆಗಳ ನಡುವೆ ಕೊಡುಕೊಳ್ಳುವಿಕೆ ಇರುವುದರಿಂದಲೇ ಒಂದು ಕೆಟ್ಟರೆ ಇನ್ನೊಂದಕ್ಕೂ ಪೆಟ್ಟು. ಹಿಂದೆ ಕರಾವಳಿಯಲ್ಲಿ ರಂಪಣಿ ಎಂಬ ಉದ್ದನೆಯ ಬಲೆಯನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. ದಡಕ್ಕೆ ಬಂದ ಮೀನಷ್ಟೇ ಅದಕ್ಕೆ ಸಿಗುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು, ಮೇಲ್ನೀರಿನ ಇಡೀ ಹಿಂಡನ್ನು ಕಡಲಿನಲ್ಲೇ ಸುತ್ತುವರಿದು ಹಿಡಿಯತೊಡಗಿದವು. ರಂಪಣಿ ಮೂಲೆ ಸೇರಿತು. ಟ್ರಾಲ್ ಬೋಟಿನ ಬಲೆಯಾದರೋ ತಳವನ್ನೇ ಗುಡಿಸಿಕೊಂಡು ಹೋಗುತ್ತದೆ. ಬೇಕಾದ ಸೀಗಡಿಯ ಜೊತೆ ಬೇಡದ ಮರಿಗಳೂ ಬರುತ್ತವೆ, ಹುಳುಗಳ ಮನೆಯೂ ಮಗುಚುತ್ತದೆ. ಹೊಲವನ್ನು ವರ್ಷವಿಡೀ ದಿನಾ ಉತ್ತರೆ ಎರೆಹುಳು ಉಳಿಯುತ್ತದೆಯೇ? ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೊಟ್ಟೆಯಿಡುವ ಎಷ್ಟೋ ಮೀನುಗಳಿಗೆ ಈ ರಜೆ ಬೇಕೇ ಬೇಕು.

ಬೋಟೊಂದನ್ನೇ ದೂರಿದರೆ ಅನ್ಯಾಯವಾದೀತು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್‌ನಷ್ಟು ಮಾತ್ರ ಎಂದು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತು. ಎಲ್ ನಿನೋದಂಥ ಕಡಲಿನ ಏರುಪೇರು, ಮರಿಗಳನ್ನೂ ಬಿಡದೆ ಹಿಡಿದದ್ದು ಎರಡನ್ನೂ ಇದಕ್ಕೆ ಕಾರಣವಾಗಿ ಹೇಳುತ್ತಾರೆ. ನೀರು ಬಿಸಿಯಾದರೆ ಮೇಲಿನ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ಕೆಳಗೆ ಗೊಬ್ಬರವಿದ್ದರೂ ಮೇಲೆ ಬರಲು ದಾರಿಯಿಲ್ಲ.

ಮೀನು ತಿನ್ನುವ ಮನೆಯವರು ಒಂದು ಕೆಲಸ ಮಾಡಿ. ಅಜ್ಜಿ ಮೀನು ಶುಚಿ ಮಾಡುವಾಗ ಪಕ್ಕದಲ್ಲಿ ಕುಳಿತು ಕಿವಿರಿನ ಮುಚ್ಚಳ ಎತ್ತಿ ನೋಡಿ. ಬೂತಾಯಿ, ಬಂಗುಡೆಯಾದರೆ ಒಳಗೆ ಬಾಚಣಿಗೆಯಂತೆ ಒತ್ತೊತ್ತಾದ ಸಣ್ಣ ಹಲ್ಲುಗಳ ಸಾಲು ಕಾಣುತ್ತದೆ. ನೀರನ್ನು ಸೋಸಿ ಪ್ಲಾಂಕ್ಟನ್ ಹಿಡಿಯುವ ಜರಡಿ ಅದೇ. ನಂಗ್ ಸಿಕ್ಕರೆ ಬಾಯಿ ನೋಡಿ, ಒಂದು ಕಡೆಗೆ ಸೊಟ್ಟಗಿರುತ್ತದೆ. ಕೆರೆಯ ಮೀನಾದರೂ ಆದೀತು: ಕಾಟ್ಲಾದ ಬಾಯಿ ಮೇಲ್ಮುಖ, ಮೃಗಾಲ್‌ನದು ಕೆಳಗೆ.