ನಿಶೆ ಏರದ ಗಾಂಜಾ

ಸೇಡಂ ಕಡೆಯ ಮುಧೋಳದ ನಮ್ಮ ಕಾಕಾನಿಗೆ ಮೊಣಕಾಲು ನೋವು. ಮೂವತ್ತು ವರ್ಷ ಶಹಾಬಾದ್, ವಾಡಿ ಕಡೆಯ ಖಣಿಗಳಲ್ಲಿ ಫರಸಿ ಎತ್ತಿ ಲಾರಿಗೆ ತುಂಬಿದ ಜೀವ. ಬೆಳಗ್ಗೆ ಎದ್ದ ಕೂಡಲೇ ಮೊದಲ ನಾಲ್ಕು ಹೆಜ್ಜೆಗೆ ಗೋಡೆ ಬೇಕು. ಆಮೇಲೆ ಕೀಲು ಸಡಿಲಾಗಿ ತೊಗರಿ ಹೊಲದವರೆಗೂ ಹೋಗಿ ಬರುತ್ತಾರೆ. ಮನೆಮದ್ದೆಲ್ಲ ಆಗಿದೆ: ಔಡಲೆಣ್ಣೆ ಸವರಿ ಎಕ್ಕದ ಎಲೆ ಕಾಯಿಸಿ ಕಟ್ಟಿದ್ದು, ಲಕ್ಕಿ ಸೊಪ್ಪು ಕುದಿಸಿದ ನೀರು ಸುರಿದದ್ದು, ಉಪ್ಪಿನ ಗಂಟಿನ ಕಾವು ಕೊಟ್ಟದ್ದು. ಕಳೆದ ದೀಪಾವಳಿಗೆ ಹೈದರಾಬಾದಿನಿಂದ ಬಂದ ಮಗ ಒಂದು ಸಣ್ಣ ಕಪ್ಪು ಬಾಟಲಿ ತಂದುಕೊಟ್ಟ. ಮೇಲೆ ಎಲೆಯ ಚಿತ್ರ, ಕೆಳಗೆ ಸಿಬಿಡಿ ಎಂಬ ಮೂರಕ್ಷರ.

"ಇದು ಗಾಂಜಾದ್ದೇನೋ?"

"ಹೌದಪ್ಪಾ, ಆದ್ರ ನಿಶೆ ಏರಂಗಿಲ್ಲ."

"ನಿಶೆ ಏರಲಾರದ ಗಾಂಜಾ ಯಾವ ಸಾಧು ಕಂಡುಹಿಡಿದಾನೋ?"

ಕಾಕಾ ನಗಿಸಲೆಂದು ಕೇಳಿದ್ದು. ನಾನು ಮಾತ್ರ ಆ ಪ್ರಶ್ನೆಯ ಬೆನ್ನು ಹತ್ತಿದೆ.

ಕತೆ ಕಲ್ಕತ್ತಾದಲ್ಲಿ, 1839ರಲ್ಲಿ ಶುರುವಾಗುತ್ತದೆ. ವಿಲಿಯಂ ಬ್ರೂಕ್ ಓ'ಶಾನೆಸ್ಸಿ ಎಂಬ ಐರಿಷ್ ವೈದ್ಯ ಅಲ್ಲಿನ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ. ಮುಂದೆ ಹಿಂದೂಸ್ತಾನದ ಉದ್ದಗಲಕ್ಕೂ ತಂತಿ ಕಂಬ ನಿಲ್ಲಿಸಿದವನೂ ಇವನೇ. ಊರಿನ ಪಂಡಿತರನ್ನು, ಹಕೀಮರನ್ನು ಕೂರಿಸಿಕೊಂಡು ಭಂಗಿ, ಗಾಂಜಾ, ಚರಸ್‌ಗಳ ಬಗ್ಗೆ ಅವರಿಗೆ ಗೊತ್ತಿದ್ದನ್ನೆಲ್ಲ ಕೇಳಿ ಬರೆದುಕೊಂಡ. ನಾಯಿಗೆ ಕೊಟ್ಟು ನೋಡಿದ, ಅದು ಅಮಲೇರಿ ತೂಕಡಿಸಿತು. ಹುಲ್ಲು ಮೇಯುವ ಪ್ರಾಣಿಗಳಿಗೆ ಅಷ್ಟಾಗಿ ಏನೂ ಆಗಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿದ್ದ ಕೀಲುವಾತದ ರೋಗಿಗಳ ಸರದಿ.

ಒಬ್ಬನಿಗೆ ಮಧ್ಯಾಹ್ನ ಎರಡಕ್ಕೆ ಒಂದು ಗ್ರೇನ್, ಅಂದರೆ ಸುಮಾರು 65 ಮಿಲಿಗ್ರಾಂ ಗಾಂಜಾ ಗಿಡದ ಅಂಟು ಕೊಟ್ಟರು. ನಾಲ್ಕಕ್ಕೆ ಆತ ಎಡೆಬಿಡದೆ ಮಾತಾಡಿದ, ಹಾಡಿದ, ಇನ್ನಷ್ಟು ಊಟ ತನ್ನಿ ಎಂದು ಗದ್ದಲ ಮಾಡಿದ, ತನಗೆ ರೋಗವೇ ಇಲ್ಲವೆಂದ. ಆರಕ್ಕೆ ನಿದ್ದೆ. ಎಂಟಕ್ಕೆ ನೋಡಿದರೆ ಮೈಮೇಲೆ ಎಚ್ಚರವಿಲ್ಲ. ಓ'ಶಾನೆಸ್ಸಿ ಅವನ ಕೈ ಎತ್ತಿದ. ಬಿಟ್ಟರೂ ಕೈ ಎತ್ತಿದಲ್ಲೇ ನಿಂತಿತು! ವೈದ್ಯ ಬೆಚ್ಚಿದ. ರೋಗಿಗೆ ಕೇಡೇನೂ ಆಗಲಿಲ್ಲ. ಹೆಚ್ಚಿನವರಲ್ಲಿ ನೋವು ತಗ್ಗಿತು, ಎಲ್ಲರಿಗೂ ಹಸಿವು ಹೆಚ್ಚಿತು ಎಂದು ಆತ ಬರೆದಿಟ್ಟ. ನೋವು ನಿಜವಾಗಿ ಇಳಿದಿತ್ತೋ, ಅಮಲಿನಲ್ಲಿ ಮರೆತುಹೋಗಿತ್ತೋ? ಆ ಬರಹ ಓದುವಾಗೆಲ್ಲ ನನಗೆ ಇದೇ ಅನುಮಾನ.

ಅಂಟಿನೊಳಗೆ ಇರುವುದೇನು ಎಂದು ತಿಳಿಯಲು ಮತ್ತೆ ನೂರು ವರ್ಷ ಹಿಡಿಯಿತು. 1940ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್, ಮಿನೆಸೋಟದ ಕಾಡುಸೆಣಬಿನಿಂದ ತೆಗೆದ ಕೆಂಪೆಣ್ಣೆಯಲ್ಲಿ ಒಂದು ವಸ್ತುವನ್ನು ಬೇರ್ಪಡಿಸಿ ಕ್ಯಾನಬಿಡಿಯಾಲ್ ಎಂದು ಹೆಸರಿಟ್ಟ. ಬಾಟಲಿ ಮೇಲಿನ ಸಿಬಿಡಿ ಇದೇ. ಆದರೆ ಎಲ್ಲರೂ ಹುಡುಕುತ್ತಿದ್ದದ್ದು ನಿಶೆಯ ಮೂಲವನ್ನು. ಇದರಲ್ಲಿ ನಿಶೆ ಇಲ್ಲ, ಹಾಗಾಗಿ ಮೂಲೆ ಸೇರಿತು. ಅಂದು ಯಾವ ಕೊರತೆಗಾಗಿ ಬದಿಗಿಟ್ಟರೋ ಅದನ್ನೇ ಇಂದು ಬಾಟಲಿ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕಿ ಮಾರುತ್ತಿದ್ದಾರೆ.

ಮೂಲೆಯಿಂದ ಅದನ್ನು ಎತ್ತಿ ತಂದವರು ಇಸ್ರೇಲಿನ ರಾಫೆಲ್ ಮೆಶೂಲಮ್. ಸಂಶೋಧನೆಗೆ ಮಾಲು ಬೇಕಲ್ಲ? ಪೊಲೀಸರ ಬಳಿ ಹೋಗಿ, ಜಪ್ತಾದ ಲೆಬನಾನಿನ ಚರಸ್ ಐದು ಕಿಲೋ ಇಸಿದುಕೊಂಡು ಬಸ್ಸು ಹತ್ತಿದರು. ಇದೇನು ವಾಸನೆ ಎಂದು ಜನ ಸುತ್ತ ಮೂಗೆಳೆದರು. ಹಾಗೆ ಕೊಡುವ ಅಧಿಕಾರ ಪೊಲೀಸರಿಗೂ ಇರಲಿಲ್ಲ, ಒಯ್ಯುವ ಹಕ್ಕು ತಮಗೂ ಇರಲಿಲ್ಲ ಎಂಬುದು ಅವರಿಗೆ ತಿಳಿದದ್ದು ಆಮೇಲೆ. 1963ರಲ್ಲಿ ಯುವಾಲ್ ಶ್ವೋ ಜೊತೆ ಸಿಬಿಡಿಯ ರಚನೆಯನ್ನು, ಮರುವರ್ಷ ಯೆಹಿಯೆಲ್ ಗಾವೋನಿ ಜೊತೆ ನಿಶೆ ಏರಿಸುವ ಟಿಎಚ್‌ಸಿಯ ರಚನೆಯನ್ನು ಮೆಶೂಲಮ್ ಬಿಡಿಸಿದರು. ಟಿಎಚ್‌ಸಿ ಹೋಗಿ ಕೂರುವ ಗ್ರಾಹಕ ಮಿದುಳಿನಲ್ಲಿದೆ ಎಂಬುದು 1988ರಲ್ಲಿ ಗೊತ್ತಾಯಿತು. ಗಾಂಜಾ ಸೇದುವವರಿಗೆಂದು ಮೈ ಆ ಜಾಗ ಕಾದಿಟ್ಟಿರಲಿಕ್ಕಿಲ್ಲ. ಅಲ್ಲಿ ಕೂರುವ ಮೈಯದೇ ವಸ್ತುವೊಂದು ಇರಲೇಬೇಕು. 1992ರಲ್ಲಿ ಅದೂ ಸಿಕ್ಕಿತು. ಸಂಸ್ಕೃತದ 'ಆನಂದ' ತೆಗೆದುಕೊಂಡು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು.

ಆದರೆ ಸಿಬಿಡಿ ಆ ಗ್ರಾಹಕದಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಹಾಗಿದ್ದರೆ ಅದು ತಟ್ಟುವ ಬಾಗಿಲು ಯಾವುದು? ಇಲ್ಲಿ ನಮ್ಮ ಅಡುಗೆಮನೆಯ ಮೆಣಸಿನಕಾಯಿ ಕತೆಯೊಳಗೆ ಬರುತ್ತದೆ.

ಮೆಣಸಿನಕಾಯಿ ತಿಂದರೂ 'ಉರಿ', ಕೆಂಡ ತುಳಿದರೂ 'ಉರಿ'. ಕನ್ನಡ ಒಂದೇ ಮಾತು ಇಟ್ಟುಕೊಂಡಿದ್ದು ಸುಮ್ಮನೆ ಅಲ್ಲವೆಂದು ತೋರಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಜೂಲಿಯಸ್. ಒಮ್ಮೆ ಅಂಗಡಿಯಲ್ಲಿ ಖಾರದ ಸಾಸುಗಳ ಸಾಲಿನೆದುರು ನಿಂತು, ಈ ಖಾರ ನರಕ್ಕೆ ತಾಗುವ ಬಗೆಯನ್ನು ಬಿಡಿಸಬೇಕು ಎಂದು ಹಂಬಲಿಸುತ್ತಿದ್ದರಂತೆ. ಜೊತೆಗಿದ್ದ ಹೆಂಡತಿ, ಅವರೂ ವಿಜ್ಞಾನಿಯೇ, ಹಾಗಾದರೆ ಶುರುಮಾಡು ಎಂದರು. ನೋವು ತಿಳಿಯುವ ನರಕೋಶಗಳ ಜೀನ್‌ಗಳನ್ನು ಜೂಲಿಯಸ್ ತಂಡ ರಾಶಿ ರಾಶಿಯಾಗಿ ವಿಂಗಡಿಸಿತು. ಖಾರವೆಂದರೇನೆಂದೇ ಅರಿಯದ ಬೇರೆ ಕೋಶಗಳಿಗೆ ಆ ರಾಶಿಗಳನ್ನು ಸೇರಿಸಿ, ಮೇಲೆ ಮೆಣಸಿನ ಸಾರವಾದ ಕ್ಯಾಪ್ಸೈಸಿನ್ ಹನಿಸಿ, ಯಾವುದು ಮಿನುಗುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ಕಾದರು. ಮಿನುಗಿದ ರಾಶಿಯನ್ನು ಮತ್ತೆ ಪಾಲು ಮಾಡಿದರು, ಮತ್ತೆ ಹನಿಸಿದರು. ತೊಗರಿ ಕೇರಿದ ಹಾಗೆಯೇ ಸರಿ! ಕೊನೆಗೆ ಮೊರದಲ್ಲಿ ಉಳಿದದ್ದು ಒಂದೇ ಒಂದು ಜೀನ್. 1997ರಲ್ಲಿ ಪ್ರಕಟವಾಯಿತು, ಆ ಜೀನ್ ನರಕೋಶಕ್ಕೆ ಕಟ್ಟಿಕೊಡುವ ಬಾಗಿಲಿಗೆ ಈಗ ಟಿಆರ್‌ಪಿವಿ1 ಎಂಬ ಹೆಸರು. ಅದೇ ಬಾಗಿಲು ಸುಮಾರು 43 ಡಿಗ್ರಿ ಬಿಸಿ ತಾಗಿದರೂ ತೆರೆಯುತ್ತದೆ, ಅಂದರೆ ಸೇಡಂ ಕಡೆಯ ಮೇ ತಿಂಗಳ ಮಧ್ಯಾಹ್ನ ಒಮ್ಮೊಮ್ಮೆ ಮುಟ್ಟುವ ಬಿಸಿಗೆ. ಹಕ್ಕಿಗಳ ಬಾಗಿಲಿಗೆ ಖಾರ ತಾಗುವುದಿಲ್ಲ, ಗಿಳಿ ಮೆಣಸಿನಕಾಯಿ ತಿಂದು ಸುಮ್ಮನೆ ಹಾರಿಹೋಗುವುದು ಅದಕ್ಕೇ. ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು.

ಕಾಕಾನ ಮೊಣಕಾಲಿಗೂ ಇದಕ್ಕೂ ಸಂಬಂಧವಿದೆ. ಬಾತ ಜಾಗದಲ್ಲಿ ಮೈ ಉಗುಳುವ ರಸಗಳು ಈ ಬಾಗಿಲಿನ ಅಗುಳಿ ಸಡಿಲಿಸುತ್ತವೆ. ಆಗ 43 ಡಿಗ್ರಿ ಬೇಕಿಲ್ಲ, ಮೈಯ ಕಾವೇ ಸಾಕು. ಹಾಗಾದರೆ ಬಾಗಿಲಿಗೆ ಬೀಗ ಜಡಿದರಾಯಿತಲ್ಲ ಎಂದು ಔಷಧ ಕಂಪನಿಗಳು ಗುಳಿಗೆ ಮಾಡಿದವು. ನುಂಗಿದ ಕೆಲವರಿಗೆ ಮೈಬಿಸಿ 40 ಡಿಗ್ರಿ ದಾಟಿತು. ಮೈಯ ಕಾವು ಕಾಯುವ ಕೆಲಸವೂ ಆ ಬಾಗಿಲಿನದೇ ಎಂದು ಅಲ್ಲಿಗೆ ಗೊತ್ತಾಯಿತು. ಮೆಣಸಿನ ಮುಲಾಮಿನದು ಬೇರೆ ದಾರಿ: ದಿನವೂ ಹಚ್ಚಿ ಹಚ್ಚಿ ಬಾಗಿಲು ಬಡಿಯುತ್ತಿದ್ದರೆ ನರ ದಣಿದು ಓಗೊಡುವುದನ್ನೇ ಬಿಡುತ್ತದೆ. ಹಂಗೆರಿಯ ಮಿಕ್ಲೋಶ್ ಯಾಂಚೋ ಇದನ್ನು ಜೀನ್ ಸಿಗುವುದಕ್ಕೆ ಅರ್ಧ ಶತಮಾನ ಮೊದಲೇ ಪ್ರಾಣಿಗಳಲ್ಲಿ ಕಂಡಿದ್ದ.

ಇನ್ನು 2001. ಇಟಲಿಯ ವಿಜ್ಞಾನಿಗಳು ಮೆಶೂಲಮ್ ಜೊತೆ ಸೇರಿ ಸಿಬಿಡಿಯನ್ನು ಕೋಶಗಳ ಮೇಲೆ ಹನಿಸಿದಾಗ ತೆರೆದದ್ದು ಇದೇ ಮೆಣಸಿನಕಾಯಿಯ ಬಾಗಿಲು. ಎರಡು ಗಿಡಗಳು ಬೇರೆ ಬೇರೆ ದಾರಿ ಹಿಡಿದು ಒಂದೇ ಹೊಸ್ತಿಲಿಗೆ ಬಂದಿದ್ದವು. 2016ರಲ್ಲಿ ಕೀಲು ಬಾತ ಇಲಿಗಳ ಚರ್ಮಕ್ಕೆ ಸಿಬಿಡಿ ಜೆಲ್ ಹಚ್ಚಿದರು, ಬಾವು ಇಳಿಯಿತು. ಮಾರುವವರಿಗೆ ಇಷ್ಟೇ ಸಾಕಾಯಿತು.

ಮನುಷ್ಯರ ಕತೆ ಹೀಗೆ ಮುಗಿಯಲಿಲ್ಲ. ಡೆನ್ಮಾರ್ಕಿನಲ್ಲಿ ಕೈಬೆರಳ ಕೀಲುನೋವಿನ 136 ಮಂದಿಗೆ 12 ವಾರ ಸಿಬಿಡಿ ಮಾತ್ರೆಯನ್ನೋ ಬರೀ ಹುಸಿ ಮಾತ್ರೆಯನ್ನೋ ಕೊಟ್ಟರು; 2021ರಲ್ಲಿ ಬಂದ ಫಲಿತಾಂಶದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. 2023ರಲ್ಲಿ ವಿಯೆನ್ನಾದವರು ಮೊಣಕಾಲು ನೋವಿಗೆ ದಿನಕ್ಕೆ 600 ಮಿಲಿಗ್ರಾಂ ಕೊಟ್ಟು ನೋಡಿದರು, ಅದೇ ಕತೆ. ಅಮೆರಿಕದ ಔಷಧ ಇಲಾಖೆ 2018ರಲ್ಲಿ ಸಿಬಿಡಿಯನ್ನು ಒಪ್ಪಿದ್ದು ಮಕ್ಕಳಲ್ಲಿ ಕಾಣುವ ಕೆಲವು ಕಠಿಣ ಅಪಸ್ಮಾರಗಳಿಗೆ, ಮೊಣಕಾಲಿಗಲ್ಲ. ಬಾಟಲಿ ಹೇಳುವುದನ್ನೂ ಪೂರ್ತಿ ನಂಬುವಂತಿಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆನ್‌ಲೈನಿನಲ್ಲಿ ಕೊಂಡ 84 ಸಿಬಿಡಿ ಮಾಲುಗಳನ್ನು ಪರೀಕ್ಷಿಸಿದಾಗ ಚೀಟಿಯಲ್ಲಿ ಬರೆದಷ್ಟೇ ಒಳಗೂ ಇದ್ದದ್ದು 26ರಲ್ಲಿ. 18ರಲ್ಲಿ ನಿಶೆಯ ಟಿಎಚ್‌ಸಿಯೂ ಸಿಕ್ಕಿತು!

ಕಾಕಿಗೆ ಇದ್ದದ್ದು ಬೇರೆಯೇ ಹೆದರಿಕೆ: "ಪೊಲೀಸರು ಬಂದ್ರ?" ನಮ್ಮ ಜಿಲ್ಲೆಯಲ್ಲಿ ಗಾಂಜಾ ಅಂದರೆ ಪೊಲೀಸ್ ಜೀಪೇ ಕಣ್ಣಿಗೆ ಬರುವುದು. 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ; ಅಂಟಿಗೂ ನಿಷೇಧವಿದೆ. ತುದಿಯಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಗೆ ಬರುವುದಿಲ್ಲ. ಭಂಗಿಯ ಮೊಕದ್ದಮೆಯೊಂದರಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ ಇದನ್ನೇ ಎತ್ತಿ ಹೇಳಿ ಜಾಮೀನು ಕೊಟ್ಟಿತು. ಎಲೆಯಿಂದ ಮಾಡಿದ ಎಣ್ಣೆಗಳು ಆಯುರ್ವೇದದ ಪರವಾನಗಿಯಲ್ಲಿ 'ವಿಜಯಾ' ಎಂಬ ಹಳೆಯ ಹೆಸರಿನಿಂದ ಮಾರಾಟವಾಗುತ್ತಿವೆ. ವೈದ್ಯರನ್ನು ಕೇಳದೆ ಅವನ್ನು ಕುಡಿಯುವುದು ಸಲ್ಲ, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೆ. ಸಿಬಿಡಿ ಯಕೃತ್ತಿನಲ್ಲಿ ಆ ಮಾತ್ರೆಯ ದಾರಿಗೆ ಅಡ್ಡ ನಿಂತು ಅದರ ಬಲವನ್ನು ಹೆಚ್ಚಿಸಬಲ್ಲದು.

ಅಮೆರಿಕದ ಕೀಲುರೋಗ ತಜ್ಞರ 2019ರ ಮಾರ್ಗದರ್ಶಿ ಮೊಣಕಾಲಿಗೆ ಒತ್ತಿ ಹೇಳುವುದು ವ್ಯಾಯಾಮ, ಹೆಚ್ಚಿದ್ದರೆ ತೂಕ ಇಳಿಸುವುದು, ನೋವಿಳಿಸುವ ಜೆಲ್ ಹಚ್ಚುವುದು. ಮೆಣಸಿನ ಮುಲಾಮಿಗೂ ಅರೆಮನಸ್ಸಿನ ಒಪ್ಪಿಗೆಯಿದೆ. ಬೆರಳ ಕೀಲಿಗೆ ಮಾತ್ರ ಬೇಡವಂತೆ, ಆ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಗತಿಯೇನು! ಬಿಸಿ ಕಾವಿನ ಹೆಸರೂ ಅಲ್ಲಿದೆ, ಕಾಕಿಯ ಉಪ್ಪಿನ ಗಂಟಿಗೆ ಬಂದ ಮಾನ ಅದು.

ಬಾಟಲಿಯಲ್ಲಿದ್ದದ್ದನ್ನು ಕಾಕಾ ಒಂದು ತಿಂಗಳು ಹಚ್ಚಿದರು. "ತಿಕ್ಕಿದಾಗ ಹಗುರ ಅನಸ್ತದ. ಎಣ್ಣಿದೋ, ತಿಕ್ಕಿದ ಕೈದೋ ಯಾರಿಗೊತ್ತು?" ಅಂದರು. ಸೇಡಂನ ಡಾಕ್ಟರು ಹೇಳಿಕೊಟ್ಟ ತೊಡೆಯ ಕಸರತ್ತು ಈಗ ದಿನವೂ ನಡೆದಿದೆ. ಪಾದಕ್ಕೆ ಒಂದು ಕಿಲೋ ತೊಗರಿಬೇಳೆಯ ಚೀಲ ಕಟ್ಟಿಕೊಂಡು, ಹೊರಸಿನ ಮೇಲೆ ಕೂತು ಕಾಲು ನೀಟಾಗಿ ಎತ್ತಿ ಇಳಿಸುವುದು. ಎಣಿಸುವವರು ಕಾಕಿ. ಎಂಟಕ್ಕೆ ನಿಲ್ಲಿಸಿ ಹತ್ತಾಯಿತು ಅಂದರೆ ಆಕೆ ಮತ್ತೆ ಒಂದರಿಂದ ಶುರುಮಾಡುತ್ತಾಳೆ.